ಡಚ್ ಚಿತ್ರಕಾರ ಕೋರ್ಟೆಯ ಚಿತ್ರ ನೋಡಲು ಹೋಗುವವರೇ, ಹೇಗ್‌ನಲ್ಲಿ ಉಳಿದುಕೊಳ್ಳಿ

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರೂಮು ಬುಕ್ ಮಾಡುವ ಮೊದಲು ಒಂದು ವಿಷಯ ತಿಳಿದಿರಲಿ. 2024ರಿಂದ ಅಲ್ಲಿ ರೂಮಿನ ಬಾಡಿಗೆಯ ಮೇಲೆ ಶೇ 12.5ರಷ್ಟು ಪ್ರವಾಸಿ ತೆರಿಗೆ. ನನ್ನ ಆ್ಯಪ್ ತೋರಿಸಿದ ದರದಲ್ಲಿ ಅದು ಸೇರಿರಲಿಲ್ಲ, ಕೌಂಟರಿನಲ್ಲಿ ಬಿಲ್ಲು ಕೈಗೆ ಬಂದಾಗಲೇ ಗೊತ್ತಾಗಿದ್ದು. ಅಷ್ಟು ಸುರಿದಿದ್ದಕ್ಕೆ ಸಿಕ್ಕಿದ್ದು ಮೂರನೇ ಮಹಡಿಯ ಗೂಡು. ಲಿಫ್ಟ್ ಇಲ್ಲ, ಕಾಲಿಡಲೂ ಜಾಗವಿಲ್ಲದ ಕಡಿದಾದ ಮೆಟ್ಟಿಲು. ಮಂಡಿನೋವಿನವರು, ವಯಸ್ಸಾದ ಅಪ್ಪ ಅಮ್ಮನನ್ನು ಕರೆದೊಯ್ಯುವವರು ‘ಲಿಫ್ಟ್ ಇದೆಯೇ’ ಎಂದು ಬರೆದು ಕೇಳಿಯೇ ದುಡ್ಡು ಕಟ್ಟಿ.

ನಾನು ಹೋಗಿದ್ದು ಆಡ್ರಿಯಾನ್ ಕೋರ್ಟೆಗಾಗಿ. ಮಿಡ್ಡೆಲ್‌ಬರ್ಗ್ ಊರಿನಲ್ಲಿ ಕೆಲಸ ಮಾಡಿದವನು. ಇಸವಿ ಬರೆದ ಅವನ ಚಿತ್ರಗಳು 1683ರಿಂದ 1707ರವರೆಗೆ ಸಿಗುತ್ತವೆ. ಬದುಕಿನ ದಾಖಲೆ ತೀರಾ ಕಡಿಮೆ. ಚಿತ್ರಕಾರರ ಸಂಘದ ಸದಸ್ಯನಾಗದೆ ಚಿತ್ರ ಮಾರಿದ್ದಕ್ಕೆ 1695-96ರಲ್ಲಿ ದಂಡ ಬಿದ್ದದ್ದು ಮಾತ್ರ ಲೆಕ್ಕದ ಪುಸ್ತಕದಲ್ಲಿ ಉಳಿದಿದೆ! ಆ ಕಾಲದ ಶ್ರೀಮಂತರು ಬೆಳ್ಳಿ ತಟ್ಟೆ, ಚೀನಾ ಬೋಗುಣಿ, ಸುಲಿದ ನಿಂಬೆ ತುಂಬಿದ ದೊಡ್ಡ ದೊಡ್ಡ ಮೇಜುಗಳ ಚಿತ್ರ ಬರೆಸುತ್ತಿದ್ದರು. ಇವನು ಕಲ್ಲಿನ ಕಟ್ಟೆಯ ಅಂಚಿನಲ್ಲಿ ಒಂದು ಹಿಡಿ ಹಣ್ಣಿಟ್ಟು, ಹಿಂದೆ ಕಪ್ಪು ಬಳಿದು ಸುಮ್ಮನಾದ.

ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಮ್‌ನಲ್ಲಿರುವ ಅವನ 1697ರ ಚಿತ್ರ, ಆಸ್ಪರಾಗಸ್ ಎಂಬ ತರಕಾರಿಯ ಕಟ್ಟು, ಬರೀ 25 ಸೆಂ.ಮೀ. ಎತ್ತರ, 20.5 ಸೆಂ.ಮೀ. ಅಗಲ. ಫೋಟೊಗಳಲ್ಲಿ ನೋಡಿ ಗೋಡೆ ತುಂಬುವ ಚಿತ್ರ ಅಂದುಕೊಂಡಿದ್ದ ನನಗೆ ಎದುರು ನಿಂತಾಗ ನಂಬಿಕೆಯೇ ಬರಲಿಲ್ಲ. ನಮ್ಮ ಶತಾವರಿಯ ಕುಲದ್ದೇ ಈ ಗಿಡ. ಬಿಳಿ ದಂಟುಗಳನ್ನು ದಾರದಲ್ಲಿ ಬಿಗಿದಿದ್ದಾನೆ, ತುದಿಗಳಲ್ಲಿ ನಸುನೇರಳೆ. ಬಗ್ಗಿ ನೋಡಿದರೆ ದಂಟಿನ ಒಳಗಿನಿಂದಲೇ ಬೆಳಕು ಬಂದಂತಿದೆ. ರೆಂಬ್ರಾಂಟ್‌ನ ‘ನೈಟ್ ವಾಚ್’ ಮುಂದೆ ಮೊಬೈಲ್ ಎತ್ತಿ ಹಿಡಿದವರ ಸಂತೆ, ಇಲ್ಲಿ ನಾನೊಬ್ಬನೇ. ಜನಜಂಗುಳಿ ಕಂಡರೆ ನನಗೆ ಆಗದು, ಆದ್ದರಿಂದ ‘ನೈಟ್ ವಾಚ್’ ಬಗ್ಗೆ ನನ್ನನ್ನು ಕೇಳಬೇಡಿ. ಕೋರ್ಟೆಯ ಚಿತ್ರ ಪ್ರದರ್ಶನದಲ್ಲಿದೆಯೋ, ಎರವಲು ಹೋಗಿದೆಯೋ ಎಂದು ಮ್ಯೂಸಿಯಮ್ ವೆಬ್‌ಸೈಟ್‌ನಲ್ಲಿ ನೋಡಿಕೊಂಡೇ ಹೊರಡಿ.

ಮಾರನೇ ದಿನವೇ ಗಂಟುಮೂಟೆ ಕಟ್ಟಿ ಹೇಗ್‌ಗೆ ಬಂದೆ. ರೈಲಿನಲ್ಲಿ ಸುಮಾರು ಐವತ್ತು ನಿಮಿಷ. ಇಲ್ಲೂ ತೆರಿಗೆ ಉಂಟು, ಆದರೆ ರೂಮೇ ಅಗ್ಗ ಬಿತ್ತು. ಸೆಂಟ್ರಲ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಮೌರಿಟ್ಸ್‌ಹೌಸ್ ಮ್ಯೂಸಿಯಮ್. ಎಲ್ಲರೂ ವರ್ಮೀರ್‌ನ ಮುತ್ತಿನೋಲೆಯ ಹುಡುಗಿಯ ಚಿತ್ರದ ಕಡೆ ಓಡುತ್ತಾರೆ, ಓಡಲಿ. ಕೋರ್ಟೆಯ 1705ರ ಕಾಡು ಸ್ಟ್ರಾಬೆರಿ ಚಿತ್ರ ಹುಡುಕಿ: 16.5 ಸೆಂ.ಮೀ. ಎತ್ತರ, 14 ಅಗಲ, ಕಾಗದದ ಮೇಲೆ ಬರೆದು ಹಲಗೆಗೆ ಅಂಟಿಸಿದ್ದು. ಪುಟ್ಟ ಮಣ್ಣಿನ ಕುಡಿಕೆ ತುಂಬ ಕೆಂಪು ಹಣ್ಣು, ಅಷ್ಟೇ. ಎದುರಿಗೆ ಎಷ್ಟು ಹೊತ್ತು ನಿಂತರೂ ಬೆನ್ನಿಗೆ ಯಾರೂ ತಿವಿಯುವುದಿಲ್ಲ.

ಹಸಿವಾದರೆ ಮ್ಯೂಸಿಯಮ್ ಸುತ್ತಮುತ್ತ ಕೂರಬೇಡಿ. ಟ್ರ್ಯಾಮ್ ಹತ್ತಿ ಪೌಲ್ ಕ್ರೂಗರ್‌ಲಾನ್ ರಸ್ತೆಗೆ ಹೋಗಿ. 1873ರಿಂದ ಕೂಲಿಗಳಾಗಿ ದಕ್ಷಿಣ ಅಮೆರಿಕದ ಆಗಿನ ಡಚ್ ವಸಾಹತು ಸುರಿನಾಮಿಗೆ ಹೋದ ಭಾರತೀಯರ ವಂಶದವರು ಈ ಊರಿನಲ್ಲಿ ಬಹಳ ಮಂದಿ ಇದ್ದಾರೆ. ನಾಲ್ಕೇ ಮೇಜಿನ ಅಂಗಡಿಯೊಂದರಲ್ಲಿ ತಟ್ಟೆಗಿಂತ ಅಗಲದ ಮೆತ್ತನೆ ರೊಟ್ಟಿ, ಒಳಗೆ ಪುಡಿ ಮಾಡಿದ ಬೇಳೆ, ಜೊತೆಗೆ ಅಲಸಂದೆಕಾಯಿ ಪಲ್ಯ, ಆಲೂಗಡ್ಡೆ ಸಾರು. ಸಸ್ಯಾಹಾರ ಅಂದರೆ ಕೂಡಲೇ ಅರ್ಥವಾಗುತ್ತದೆ, ಮೊಟ್ಟೆ ಬೇಡ ಅಂತ ಮಾತ್ರ ಬೇರೆಯಾಗಿ ಹೇಳಿ. ಆಮೇಲೆ ‘ಬಾರಾ’ ತರಿಸಿ: ಉದ್ದಿನದೇ, ನಮ್ಮ ವಡೆಯ ದಾಯಾದಿ, ಬಿಸಿಬಿಸಿ, ಖಾರದ ಚಟ್ನಿ ಜೊತೆ. ಚಟ್ನಿಯನ್ನು ನಾಲಿಗೆ ತುದಿಗೆ ಹಚ್ಚಿ ನೋಡಿ ಸುರಿದುಕೊಳ್ಳಿ, ಮೇಡಮ್ ಜಾನೆಟ್ ಎಂಬ ಆ ಮೆಣಸಿನಕಾಯಿ ಬ್ಯಾಡಗಿಯಲ್ಲ! ಹೊಟ್ಟೆ ತುಂಬ ತಿಂದರೂ ಆಮ್‌ಸ್ಟರ್‌ಡ್ಯಾಮ್‌ನ ಕಾಫಿ-ಸ್ಯಾಂಡ್‌ವಿಚ್‌ಗಿಂತ ಕಡಿಮೆ ಆಯಿತು.

ಏಪ್ರಿಲ್‌ನಿಂದ ಜೂನ್ 24ರವರೆಗೆ ಬಿಳಿ ಆಸ್ಪರಾಗಸ್ ಕಾಲ, ಆಗ ಹೋದರೆ ಕೋರ್ಟೆಯ ಕಟ್ಟು ತರಕಾರಿ ಅಂಗಡಿಯಲ್ಲೂ ಸಿಗುತ್ತದೆ. ಹೋಟೆಲಿನಲ್ಲಿ ಮಾತ್ರ ತಿನ್ನಬೇಡಿ, ದುಬಾರಿ. ಬೇಡ ಅನ್ನದಿದ್ದರೆ ಮೇಲೆ ಹಂದಿಮಾಂಸ ಹಾಕಿಯೇ ತರುತ್ತಾರೆ. ಮೌರಿಟ್ಸ್‌ಹೌಸ್ ಸೋಮವಾರ ಮಧ್ಯಾಹ್ನ 1ಕ್ಕೆ ಬಾಗಿಲು ತೆಗೆಯುವುದು, ಬೆಳಿಗ್ಗೆ ಹೋಗಿ ಚಳಿಯಲ್ಲಿ ನಿಲ್ಲಬೇಡಿ.