ಮಾವನ ಖತಾವಣಿ, ನನ್ನ ಹನ್ನೊಂದು ಕಾಲಂ

ನಮ್ಮ ಸೋದರಮಾವನದು ದಾವಣಗೆರೆ ಎಪಿಎಂಸಿಯಲ್ಲಿ ದಲಾಲಿ ಮಂಡಿ. ಮೆಕ್ಕೆಜೋಳದ ಸೀಜನ್ ಶುರುವಾದರೆ ಅಂಗಡಿ ಮುಂದೆ ಕಾಲಿಡಲು ಜಾಗ ಇರಲ್ಲ. ಹೋದ ವರ್ಷ ದೀಪಾವಳಿಗೆ ಊರಿಗೆ ಬಂದಾಗ, ಲೆಕ್ಕವನ್ನೆಲ್ಲ ಮೊಬೈಲಿನಲ್ಲೇ ನೋಡೋ ಹಾಗೆ ಮಾಡಿಕೊಡ್ತೀನಿ ಅಂತ ಮಾವನಿಗೆ ಮಾತು ಕೊಟ್ಟೆ. ಹೊಟ್ಟೆ ತುಂಬ ಬೆಣ್ಣೆ ದೋಸೆ ತಿಂದಿದ್ದೆ, ಅದರ ಅಮಲೂ ಇರಬೇಕು.

ಮಾಡಿದೆ. ತಾರೀಖು, ಲಾಟು, ಹೆಸರು, ಊರು, ಚೀಲ, ತೂಕ, ತೇವ, ದರ, ಒಟ್ಟು, ಮುಂಗಡ, ಕೊಡೋದು. ಹನ್ನೊಂದು ಕಾಲಂ. ನನ್ನ ಲ್ಯಾಪ್‌ಟಾಪಿನಲ್ಲಿ ಚೆಂದ ಕಾಣುತ್ತಿತ್ತು. ಮಾವನ ಫೋನಿನಲ್ಲಿ ಅಕ್ಷರ ಇರುವೆ ಸಾಲಾಯಿತು. ಅವರು ಕನ್ನಡಕ ಹಣೆಗೇರಿಸಿ, ಫೋನನ್ನು ತೋಳಿನಷ್ಟು ದೂರ ಹಿಡಿದು, ಆಮೇಲೆ ಅಡ್ಡ ತಿರುಗಿಸಿ, "ಎಲ್ಲಾ ಐತವ್ವಾ, ಆದ್ರ ಏನೂ ಕಾಣವಲ್ದು" ಅಂದರು.

ಅಕ್ಷರ ದೊಡ್ಡದು ಮಾಡಿದೆ, ಉಳಿದದ್ದು ಪಕ್ಕಕ್ಕೆ ಎಳೆದರೆ ಬರೋ ಹಾಗಿಟ್ಟೆ. ಎಡವಟ್ಟಾದದ್ದು ಇಲ್ಲೇ. ಫೋನ್ ಅಡ್ಡ ಹಿಡಿದರೆ ಒಂಬತ್ತು ಕಾಲಂ ಅಳತೆ ತೆಗೆದು ಹೊಲಿದಂಗೆ ಕೂತವು. 'ಒಟ್ಟು' ಮುಗಿದಲ್ಲಿಗೆ ಪರದೆಯೂ ಮುಗಿಯಿತು. ಅದರಾಚೆ ಇನ್ನೆರಡು ಇದೆ ಅಂತ ಯಾರಿಗೆ ಗೊತ್ತಾಗಬೇಕು? ಮಾವ ಒಬ್ಬ ರೈತರಿಗೆ ಒಟ್ಟು ಹಣ ಎಣಿಸಿಕೊಟ್ಟರು. ಬಿತ್ತನೆ ಟೈಮಲ್ಲಿ ಅವರು ಒಯ್ದಿದ್ದ 15,000 ರೂಪಾಯಿ ಮುಂಗಡ ಹತ್ತನೇ ಕಾಲಮ್ಮಿನಲ್ಲಿ ಸುಮ್ಮನೆ ಕೂತಿತ್ತು. ಪುಣ್ಯಾತ್ಮರು ಮುಂದಿನ ವಾರ ಲೋಡ್ ತಂದಾಗ ತಾವೇ ಹೇಳಿ ವಜಾ ಹಾಕಿಸಿದರು. ದುಡ್ಡು ಬಂತು. ಮಾವ ಮಾತ್ರ ಫೋನನ್ನು ಗಲ್ಲಾಪೆಟ್ಟಿಗೆ ಮೇಲಿಟ್ಟು ಮತ್ತೆ ಕೆಂಪು ಪುಸ್ತಕ ತೆಗೆದರು.

ನಾನು ಆ ಪುಸ್ತಕ ನೋಡುತ್ತಾ ಕೂತೆ. ಪುಸ್ತಕ ಎರಡು. ಕಿರ್ದಿಯಲ್ಲಿ ದಿನದ ವ್ಯವಹಾರ ಬಂದಂಗೆ ಬರೆಯೋದು; ಖತಾವಣಿಯಲ್ಲಿ ಅದನ್ನೇ ಒಬ್ಬೊಬ್ಬರ ಹೆಸರಿಗೆ ಇಳಿಸೋದು. ಖತಾವಣಿಯ ಮೊದಲಿಗೆ ಊರುವಾರು ಹೆಸರು, ಎದುರಿಗೆ ಪುಟದ ನಂಬರು. ಮಾವ ಹೆಬ್ಬೆರಳು ನಾಲಿಗೆಗೆ ತಾಗಿಸಿ ಪಟ್ಟಿ ನೋಡುತ್ತಾರೆ, ಪುಟ ತೆಗೆಯುತ್ತಾರೆ, ಅನುಮಾನ ಬಂದರೆ ಮಾತ್ರ ಕಿರ್ದಿಗೆ ಹೋಗುತ್ತಾರೆ. ಬೆನ್ ಶ್ನೈಡರ್‌ಮನ್ ಎಂಬ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ 1996ರಲ್ಲಿ ಇದನ್ನೇ ಸೂತ್ರ ಮಾಡಿದ್ದರು: ಮೊದಲು ಇಡೀ ನೋಟ, ಆಮೇಲೆ ಹತ್ತಿರ ತಂದು ಸೋಸು, ಕೇಳಿದಾಗ ವಿವರ. ಕಾಲೇಜಲ್ಲಿ ಉರು ಹೊಡೆದು ಪಾಸಾಗಿದ್ದೆ.

ಇನ್ನೊಂದು ವಿಷಯ ಮಾವನ ಹಳೇ ನೋಕಿಯಾ 3310ರಿಂದ ಕಲಿತೆ. ಅದು ಇನ್ನೂ ಗಲ್ಲಾದಲ್ಲಿದೆ, ಚಾರ್ಜರ್ ಇಲ್ಲ. ಅದರ ಪರದೆ ಅಡ್ಡಕ್ಕೆ 84, ಉದ್ದಕ್ಕೆ 48 ಚುಕ್ಕಿ, ಅಷ್ಟೇ. ಮೆನುವಿನಲ್ಲಿ ಒಂದು ಸಲಕ್ಕೆ ಒಂದೇ ಬಾಬ್ತು. ಆದರೆ ಬಲಗಡೆ ಒಂದು ಗೆರೆ, ಮೂಲೆಯಲ್ಲಿ ಒಂದು ನಂಬರು ಇರುತ್ತಿತ್ತು, ಎಲ್ಲಿದ್ದೀವಿ, ಇನ್ನೆಷ್ಟು ಬಾಕಿ ಇದೆ ಅನ್ನೋದಕ್ಕೆ. ನನ್ನ ಫೋನಿನ ಪರದೆಯಲ್ಲಿ ಲಕ್ಷಾಂತರ ಚುಕ್ಕಿ ಇದ್ದೂ ನಾನು ಆ ಒಂದು ಗೆರೆ ಎಳೆದಿರಲಿಲ್ಲ.

ಇದಕ್ಕೆ ಸಂಶೋಧಕರು ಮಾಡಿದ ಉಪಾಯಗಳಲ್ಲಿ ನನಗೆ ಬಹಳ ಹಿಡಿಸಿದ್ದು 'ಹೇಲೋ'. 2003ರಲ್ಲಿ ಪ್ಯಾಟ್ರಿಕ್ ಬೌಡಿಶ್ ಮತ್ತು ರೂತ್ ರೋಸೆನ್‌ಹೋಲ್ಟ್ಸ್ ಪ್ರಕಟಿಸಿದ್ದು. ಚಿಕ್ಕ ಪರದೆಯ ನಕ್ಷೆಯಲ್ಲಿ ನಿಮಗೆ ಬೇಕಾದ ಜಾಗ ಹೊರಗೆ ಉಳಿದಿದೆ ಅನ್ನಿ. ಆ ಜಾಗದ ಸುತ್ತ, ಪರದೆಯ ಅಂಚಿಗೆ ಒಂಚೂರು ಇಣುಕುವಷ್ಟು ದೊಡ್ಡ ವೃತ್ತ ಎಳೆಯುತ್ತಾರೆ. ಕಾಣುವುದು ಕಮಾನಿನ ತುಣುಕು ಮಾತ್ರ. ತುಣುಕು ಬಾಗಿದ್ದರೆ ಜಾಗ ಹತ್ತಿರ, ಹೆಚ್ಚುಕಮ್ಮಿ ನೆಟ್ಟಗಿದ್ದರೆ ದೂರ. ಉಳಿದದ್ದನ್ನು ಕಣ್ಣೇ ತುಂಬಿಕೊಳ್ಳುತ್ತದೆ.

ನನಗೆ ನಕ್ಷೆ ಇಲ್ಲ, ವೃತ್ತ ಬೇಡ. ಆದರೆ ಇಣುಕುವ ಬುದ್ಧಿ ಕದ್ದೆ. ಪಕ್ಕಕ್ಕೆ ಎಳೆಯುವ ಕಡೆಯೆಲ್ಲ ಕೊನೆಯ ಕಾಲಮ್ಮನ್ನು ಬೇಕೆಂದೇ ಅರ್ಧಕ್ಕೆ ಕತ್ತರಿಸಿದೆ. 'ಮುಂಗ' ಅಂತ ಕಂಡರೆ ಯಾರಾದರೂ ಎಳೆದೇ ಎಳೆಯುತ್ತಾರೆ. ನೋಡೋಕೆ ಅಚ್ಚುಕಟ್ಟಲ್ಲ, ಇರಲಿ.

ಮೊದಲ ಪುಟದಲ್ಲಿ ಈಗ ಒಬ್ಬೊಬ್ಬರಿಗೆ ಎರಡೇ ಸಾಲು: ಮೇಲೆ ಯಾರು, ಕೆಳಗೆ ದಪ್ಪಕ್ಷರದಲ್ಲಿ ಎಷ್ಟು ಕೊಡೋದು. ಒತ್ತಿದರೆ ಪೂರ್ತಿ ಪಟ್ಟಿ ಬಿಚ್ಚುತ್ತದೆ. ಮೊತ್ತವನ್ನು '1.85 ಲಕ್ಷ' ಅಂತ ಚಿಕ್ಕದು ಮಾಡಿದ್ದೆ. "ಆ 350 ರೂಪಾಯಿ ಯಾರಪ್ಪಂದು?" ಅಂತ ಕೇಳಿದ ಮೇಲೆ 1,84,650 ಪೂರ್ತಿ ಬಂತು.

ಹೆಸರಿನ ಗೋಳು ಬೇರೆ. ಉದ್ದ ಹೆಸರಿನ ಬಾಲ ಕತ್ತರಿಸಿ ಮೂರು ಚುಕ್ಕಿ ಇಡೋದು ಎಲ್ಲ ಕಡೆ ರೂಢಿ. ನಮ್ಮಲ್ಲಿ ಹಾಗೆ ಮಾಡಿದರೆ ಆರು ಜನ 'ಬಸವರಾ…' ಸಾಲಾಗಿ ನಿಲ್ಲುತ್ತಾರೆ, ಯಾರು ಆನಗೋಡಿನವರು, ಯಾರು ಮಾಯಕೊಂಡದವರು ಆ ದೇವರೇ ಬಲ್ಲ. ಮಂಡಿಯಲ್ಲಿ ಕೂಗುವುದೂ ಊರು ಹಿಡಿದೇ. ಹಾಗಾಗಿ ಊರು ಮೊದಲು, ಹೆಸರು ಆಮೇಲೆ. ಜಾಗ ಸಾಲದಿದ್ದರೆ ಇನ್ನೊಂದು ಸಾಲಿಗೆ ಹೋಗಲಿ, ಬಾಲ ಕತ್ತರಿಸಲ್ಲ.

ಸಾಲುಗಳ ನಡುವಿನ ಜಾಗ ಮಾತ್ರ ಜಿಪುಣತನ ಮಾಡಿ ಕಮ್ಮಿ ಮಾಡಿದ್ದೆ, ಒಂದೇ ನೋಟಕ್ಕೆ ಇನ್ನಿಬ್ಬರು ಹಿಡಿಯಲಿ ಅಂತ. ಇಂಗ್ಲಿಷಿಗೆ ಆ ಅಳತೆ ನಡೆಯುತ್ತದೆ. ನಮ್ಮ ಒತ್ತಕ್ಷರ ಕೆಳಗಿನ ಮನೆಗೆ ಇಳಿಯುವಂಥವು. ಮೊನ್ನೆ ಮಾವ ಫೋನ್ ಮಾಡಿದ್ದರು. "ಮುಂಗಡ ಬರೋಬ್ಬರಿ ಕಾಣ್ತತವ್ವಾ. ಆದ್ರ ಇದ್ಯಾವುದು 'ಕಕರಗೊಳ'? ಅಂಥ ಊರು ನಮ್ ಕಡೆ ಇಲ್ಲ."

ಕಕ್ಕರಗೊಳ್ಳದ ಎರಡೂ ಒತ್ತು ತಿಂದುಹಾಕಿದ್ದೆ. ಇವತ್ತು ರಾತ್ರಿ ಕೂತು ಸರಿ ಮಾಡಬೇಕು.