ಮಗುವಿಗೆ ಹೆಸರಿಟ್ಟಿದ್ದೆವು, ವಿಮೆಗೆ ಸೇರಿಸಿರಲಿಲ್ಲ

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ, ಬುಧವಾರ. ಅಮ್ಮ ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತು, ಮಗೂನ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀರು ಹಾಕುತ್ತಿದ್ದಳು. ನಾನು ಹೊರಗೆ ಕೂತು ಅವತ್ತಿನ ಟಪಾಲು ಬಿಡಿಸುತ್ತಿದ್ದೆ. ನನ್ನ ವಿಮಾ ಕಂಪನಿಯ ಲಕೋಟೆಯೊಂದಿತ್ತು. ಒಳಗಿನ ಕಾಗದದಲ್ಲಿ ರೋಗಿಯ ಹೆಸರು "ಬೇಬಿ ಬಾಯ್", ಮುಂದೆ ನನ್ನ ಮನೆತನದ ಹೆಸರು. ಕೆಳಗೆ, ಈ ವ್ಯಕ್ತಿ ನಮ್ಮ ಸದಸ್ಯರಲ್ಲ, ಹಣ ಕೊಡಲು ಬರುವುದಿಲ್ಲ ಎಂದಿತ್ತು. ಮೊತ್ತ ನಮ್ಮ ಮನೆ ಬಾಡಿಗೆಯ ನಾಲ್ಕರಷ್ಟು. ಮಗ ಹುಟ್ಟಿ 23 ದಿನವಾಗಿತ್ತು.

ಅಮೆರಿಕದ ಡಲ್ಲಾಸ್ ಹತ್ತಿರದ ಪ್ಲೇನೋದಲ್ಲಿ ನಮ್ಮ ಮನೆ. ನನಗೂ ನಮ್ಮವರಿಗೂ ಬೇರೆ ಬೇರೆ ಕಂಪನಿಯ ಕೆಲಸ, ಬೇರೆ ಬೇರೆ ವಿಮೆ. ಹೆರಿಗೆ ನನ್ನ ವಿಮೆಯಲ್ಲಿ, ಮಗು ಅವರ ವಿಮೆಯಲ್ಲಿ ಎಂದು ಮೊದಲೇ ಲೆಕ್ಕ ಹಾಕಿದ್ದೆವು. ಅವರ ಪ್ಲಾನಿನಲ್ಲಿ ಡಿಡಕ್ಟಿಬಲ್ ಕಡಿಮೆ. ವಿಮೆ ಕೈಹಿಡಿಯುವ ಮೊದಲು ಪ್ರತಿ ವರ್ಷ ನಾವು ಕೈಯಿಂದ ಕಟ್ಟಬೇಕಾದ ಮೊತ್ತಕ್ಕೆ ಇಲ್ಲಿ ಹಾಗೆನ್ನುತ್ತಾರೆ.

ಬೆಂಗಳೂರಿನಿಂದ ತಮ್ಮ ಫೋನಿನಲ್ಲಿ ಕೇಳಿದ, "ಅಕ್ಕಾ, ಹೆರಿಗೆ ನಿನ್ ಇನ್ಶೂರೆನ್ಸಲ್ಲೇ ಆಯ್ತಲ್ಲ, ಮಗೂದು ಅದರಲ್ಲೇ ಬರಲ್ವಾ?" ಬರುವುದಿಲ್ಲ. ಹೊಕ್ಕುಳಬಳ್ಳಿ ಕತ್ತರಿಸಿದ ಗಳಿಗೆಯಿಂದ ಆಸ್ಪತ್ರೆಯ ಲೆಕ್ಕದಲ್ಲಿ ಇಬ್ಬರು ರೋಗಿಗಳು. ನನಗೊಂದು ಫೈಲು, ಅವನಿಗೊಂದು. ಹಿಮ್ಮಡಿ ಚುಚ್ಚಿ ತೆಗೆದ ರಕ್ತ, ಕಿವಿಯ ಪರೀಕ್ಷೆ, ಕಾಮಾಲೆಗೆ ನೀಲಿ ದೀಪದ ಕೆಳಗೆ ಮಲಗಿಸಿದ್ದು, ಎಲ್ಲ ಅವನ ಫೈಲಿಗೆ. ಹುಟ್ಟಿದ ಮಗುವಿಗೆ ಮೊದಲ ಕೆಲವು ದಿನ ತಾಯಿಯ ವಿಮೆಯಲ್ಲೇ ರಕ್ಷಣೆ ಕೊಡುವ ಕಾನೂನು ಕೆಲವು ರಾಜ್ಯಗಳಲ್ಲಿದೆ. ಆದರೆ ಅದು ಎಲ್ಲ ಬಗೆಯ ಕಂಪನಿ ವಿಮೆಗೂ ಅನ್ವಯಿಸುವುದಿಲ್ಲ.

ಆಸ್ಪತ್ರೆಯಲ್ಲಿ ನಮ್ಮ ತಲೆಯೆಲ್ಲ ಹೆಸರಿನ ಮೇಲಿತ್ತು. ಜನನ ಪ್ರಮಾಣಪತ್ರದ ಅರ್ಜಿ ಹಿಡಿದು ಒಬ್ಬಾಕೆ ಎರಡು ಸಲ ಬಂದು ಹೋದಳು. ಶಿವಮೊಗ್ಗದಲ್ಲಿ ಮಾವನವರು ಪುರೋಹಿತರನ್ನು ಕೇಳಿ, ರೋಹಿಣಿ ನಕ್ಷತ್ರ, "ವ" ಅಕ್ಷರ ಒಳ್ಳೆಯದು ಅಂತ ವಾಟ್ಸಾಪ್ ಮಾಡಿದಾಗ ಇಲ್ಲಿ ನಡುರಾತ್ರಿ. ನಾಮಕರಣಕ್ಕೆ ಮೊದಲೇ ಹೆಸರು ಬರೆದುಕೊಡಬೇಕಾಗಿ ಬಂದದ್ದಕ್ಕೆ ಅಮ್ಮನಿಗೆ ಬೇಸರವಿತ್ತು. ಅದೇ ಅರ್ಜಿಯಲ್ಲಿ ಸೋಶಿಯಲ್ ಸೆಕ್ಯೂರಿಟಿ ನಂಬರಿಗೂ, ಅಂದರೆ ಇಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆಗೂ, ಒಪ್ಪಿಗೆ ಗುರುತು ಹಾಕಿದೆವು. ಸಹಜ ಹೆರಿಗೆಯಾದರೆ 48 ಗಂಟೆ, ಸಿಸೇರಿಯನ್ ಆದರೆ 96 ಗಂಟೆ ಆಸ್ಪತ್ರೆಯಲ್ಲಿರಲು ವಿಮೆ ಒಪ್ಪಲೇಬೇಕು ಎಂದು 1996ರ ಕಾನೂನು ಹೇಳುತ್ತದೆ. ಆ ಎರಡು ದಿನ ಹೇಗೆ ಕಳೆದವೋ ಗೊತ್ತಾಗಲಿಲ್ಲ.

ನಿಜವಾಗಿ ಎಡವಿದ್ದು ಮನೆಗೆ ಬಂದ ಮೇಲೆ. ಮಗ ಹುಟ್ಟಿದ್ದು ನವೆಂಬರ್ ಮೊದಲ ವಾರದಲ್ಲಿ. ಬಹಳಷ್ಟು ಕಂಪನಿಗಳಲ್ಲಿ ಮುಂದಿನ ವರ್ಷದ ವಿಮೆ ಆರಿಸಿಕೊಳ್ಳುವ ಓಪನ್ ಎನ್ರೋಲ್‌ಮೆಂಟ್ ನಡೆಯುವುದೂ ಆಗಲೇ. ನಮ್ಮವರು ಒಂದು ರಾತ್ರಿ ಮಗೂನ ಎದೆಯ ಮೇಲೆ ಮಲಗಿಸಿಕೊಂಡೇ ಲ್ಯಾಪ್‌ಟಾಪ್ ತೆರೆದು ಅವನ ಹೆಸರು ಸೇರಿಸಿ, "ಆಯ್ತು, ಇದೊಂದು ಕೆಲಸ ಮುಗೀತು" ಅಂದರು. ನಾನೂ ನಂಬಿದೆ. ಅವರು ಸೇರಿಸಿದ್ದು ಜನವರಿ 1ರಿಂದ ಶುರುವಾಗುವ ವಿಮೆಗೆ. ಹುಟ್ಟಿದ ದಿನದಿಂದ ಡಿಸೆಂಬರ್ 31ರವರೆಗೆ ಮಗುವಿಗೆ ಯಾವ ವಿಮೆಯೂ ಇರಲಿಲ್ಲ. ಆಸ್ಪತ್ರೆಯವರು ತಮ್ಮ ಬಳಿ ಇದ್ದ ನನ್ನ ಕಾರ್ಡಿನ ಮೇಲೆ ಮಗುವಿನ ಬಿಲ್ಲನ್ನೂ ಕಳಿಸಿದ್ದರು, ಅದು ತಿರಸ್ಕಾರವಾಗಿ ನಮ್ಮ ಮನೆಗೆ ಬಂದಿತ್ತು.

ಮಗು ಹುಟ್ಟಿದ್ದನ್ನು ಕಂಪನಿಗೆ "ಲೈಫ್ ಇವೆಂಟ್" ಎಂದು ಬೇರೆಯಾಗಿ ತಿಳಿಸಬೇಕು. ಅದಕ್ಕೆ ಕಾನೂನಿನ ಪ್ರಕಾರ ಕಡಿಮೆಯೆಂದರೆ 30 ದಿನ ಕೊಡಬೇಕು, ಬಹಳ ಕಂಪನಿಗಳು ಕೊಡುವುದೂ ಅಷ್ಟೇ. ಶನಿವಾರ, ಭಾನುವಾರ, ಹಬ್ಬ ಎಲ್ಲ ಆ ಎಣಿಕೆಯೊಳಗೇ. ನಮಗೆ ಉಳಿದಿದ್ದು 7 ದಿನ, ಅದರಲ್ಲಿ ಗುರುವಾರದಿಂದ ಭಾನುವಾರದವರೆಗೆ ಆಫೀಸು ರಜೆ. ನಮ್ಮವರು ಆ ಸಂಜೆಯೇ ಆನ್‌ಲೈನ್ ಅರ್ಜಿ ತುಂಬಲು ಕೂತರು. ಸೋಶಿಯಲ್ ಸೆಕ್ಯೂರಿಟಿ ನಂಬರ್ ಕೇಳುವ ಕಡೆ ಕೈ ನಿಂತಿತು. ಕಾರ್ಡು ಬಂದಿರಲಿಲ್ಲ, ಬರಲು ವಾರಗಟ್ಟಲೆ ಬೇಕು. ಸೋಮವಾರ ಬೆಳಿಗ್ಗೆ ಎಚ್‌ಆರ್‌ಗೆ ಫೋನ್ ಮಾಡಿದರೆ, "ಖಾಲಿ ಬಿಡಿ, ಆಸ್ಪತ್ರೆ ಕೊಟ್ಟ ಜನನದ ಪತ್ರ ಸಾಕು, ನಂಬರ್ ಬಂದಾಗ ಸೇರಿಸಿದರಾಯಿತು" ಅಂದರು. ಆ ನಂಬರಿಗೆ ಕಾಯುತ್ತಾ ಗಡುವು ದಾಟಿಸಿಕೊಂಡವರನ್ನು ನಾನು ಬಲ್ಲೆ. ದಯವಿಟ್ಟು ಕಾಯಬೇಡಿ.

ಗಡುವಿನೊಳಗೆ ಸೇರಿಸಿದರೆ ವಿಮೆ ಹುಟ್ಟಿದ ದಿನದಿಂದಲೇ ಹಿಂದಕ್ಕೆ ಅನ್ವಯವಾಗುತ್ತದೆ. ಹೆಚ್ಚುವರಿ ಪ್ರೀಮಿಯಂ ಕೂಡ ಅವತ್ತಿನಿಂದಲೇ ಸಂಬಳದಲ್ಲಿ ಕಡಿತವಾಯಿತು, ಸಂತೋಷವಾಗಿ ಕೊಟ್ಟೆವು. ಹೊಸ ಸದಸ್ಯತ್ವ ಸಂಖ್ಯೆ ಸಿಕ್ಕ ದಿನ ಆಸ್ಪತ್ರೆಯ ಬಿಲ್ಲಿಂಗ್‌ಗೆ ನಾನೇ ಫೋನ್ ಮಾಡಿ, ಮಗುವಿನ ಬಿಲ್ಲನ್ನು ತಂದೆಯ ವಿಮೆಗೆ ಮತ್ತೆ ಕಳಿಸಿ ಎಂದು ಕೇಳಿಕೊಂಡೆ. ತಾವಾಗಿಯೇ ಕಳಿಸುತ್ತಾರೆ ಎಂದು ಈ ಸಲ ನಂಬಿ ಕೂರಲಿಲ್ಲ. ಮಾತಾಡಿದವರ ಹೆಸರು, ದಿನಾಂಕ ಎಲ್ಲ ಅಮ್ಮನ ಬಾಣಂತಿ ಮದ್ದಿನ ಚೀಟಿಯ ಹಿಂದೆ ಬರೆದಿಟ್ಟುಕೊಂಡೆ. ಆ ಚೀಟಿ ಇನ್ನೂ ಇದೆ.

ಎರಡೂ ವಿಮೆಗೆ ಸೇರಿಸಿದರೆ ಡಬಲ್ ರಕ್ಷಣೆ ಅಲ್ಲವೇ ಎಂದು ಗೆಳತಿಯೊಬ್ಬಳು ಕೇಳಿದ್ದಳು. ಹಾಗೆ ಸೇರಿಸಿದರೆ ಯಾವ ವಿಮೆ ಮೊದಲು ಕೊಡಬೇಕೆಂಬುದು ಸಾಮಾನ್ಯವಾಗಿ ನಮ್ಮ ಆಯ್ಕೆಯಲ್ಲ. ಅಪ್ಪ ಅಮ್ಮರಲ್ಲಿ ಯಾರ ಹುಟ್ಟುಹಬ್ಬ ವರ್ಷದಲ್ಲಿ ಮೊದಲು ಬರುತ್ತದೋ ಅವರದು ಮೊದಲು. ಯಾರು ದೊಡ್ಡವರು ಎಂಬುದಕ್ಕೆ ಅಲ್ಲಿ ಲೆಕ್ಕವಿಲ್ಲ. ನನ್ನದು ಮಾರ್ಚ್, ಅವರದು ಆಗಸ್ಟ್. ಹಾಗಾಗಿ ಡಿಡಕ್ಟಿಬಲ್ ಜಾಸ್ತಿಯಿರುವ ನನ್ನ ಪ್ಲಾನೇ ಮುಂದೆ ಬಂದು ಕೂರುತ್ತಿತ್ತು.

ಕಂಪನಿಯ ವಿಮೆ ಇಲ್ಲದೆ, ಜನ ತಾವೇ ವಿಮೆ ಆರಿಸಿ ಕೊಳ್ಳುವ ಸರ್ಕಾರಿ ಮಾರ್ಕೆಟ್‌ಪ್ಲೇಸಿನಲ್ಲಿ ಕೊಂಡವರಿಗೆ ಮಗುವನ್ನು ಸೇರಿಸಲು 60 ದಿನ ಸಿಗುತ್ತದೆ. ಹುಟ್ಟಿದ ದಿನದಿಂದಲೇ ಅನ್ವಯವಾಗುವ ಸೌಲಭ್ಯ ಅಲ್ಲಿಯೂ ಇದೆ. ವಿಮೆಯಿಂದ ಹೊರಗುಳಿದಿದ್ದ ಹೆಂಡತಿಯನ್ನೋ ಗಂಡನನ್ನೋ ಕಂಪನಿಯ ಪ್ಲಾನಿಗೆ ಸೇರಿಸಲೂ ಮಗುವಿನ ಜನನ ಅವಕಾಶ ಕೊಡುತ್ತದೆ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ.

ಡಿಸೆಂಬರ್ ಕೊನೆಗೆ ಪರಿಷ್ಕೃತ ಬಿಲ್ ಬಂತು. ನಮ್ಮ ಪಾಲಿಗೆ ಉಳಿದದ್ದು ಡಿಡಕ್ಟಿಬಲ್ ಮತ್ತು ಅದರ ಮೇಲೆ ಸ್ವಲ್ಪ. ಜನವರಿ 1ಕ್ಕೆ ಆ ಡಿಡಕ್ಟಿಬಲ್ ಮತ್ತೆ ಮೊದಲಿನಿಂದ ಶುರು. ಅದೇ ವಾರ ಎರಡು ತಿಂಗಳ ಚುಚ್ಚುಮದ್ದಿಗೆ ಹೋಗುವಾಗ ನಾನು ಚೆಕ್‌ಬುಕ್ಕನ್ನೂ ಚೀಲಕ್ಕೆ ಹಾಕಿಕೊಂಡಿದ್ದೆ. ಕೌಂಟರಿನಾಕೆ ಅವನ ಹೆಸರಿನ ಹೊಸ ಕಾರ್ಡಿನ ಎರಡೂ ಬದಿ ಸ್ಕ್ಯಾನ್ ಮಾಡಿಕೊಂಡು, ಮಕ್ಕಳ ತಪಾಸಣೆಗೂ ಲಸಿಕೆಗೂ ಡಿಡಕ್ಟಿಬಲ್ ಇಲ್ಲ, ಏನೂ ಕೊಡಬೇಕಾಗಿಲ್ಲ ಅಂದಳು. ಒಳಗೆ ಅವನು ಚುಚ್ಚಿಸಿಕೊಂಡು ಮುಖ ಕೆಂಪಗೆ ಮಾಡಿಕೊಂಡು ಅತ್ತ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿ ಹೆಗಲಿಗೆ ಹಾಕಿಕೊಂಡಳು. ಕಾರು ಹತ್ತುವಷ್ಟರಲ್ಲಿ ನಿದ್ದೆ ಹೋಗಿದ್ದ.