ಪಿಕ್ಚರ್ ಲಾಕ್ ಆದ ಮೇಲೆ ಬಂದ ಗಾಯಕಿ

ಚಿತ್ರಕ್ಕೆ ಸಂಗೀತ ಹೊಂದಿಸುವ ಮ್ಯೂಸಿಕ್ ಎಡಿಟರ್ ಆಗಿ ನೈಜೀರಿಯಾದ ಲಾಗೋಸ್‌ನಲ್ಲಿ ನಾನು ಮಾಡಿದ ಒಂದು ಚಿತ್ರದ ಫೈನಲ್ ಮಿಕ್ಸ್ (ಎಲ್ಲ ಸದ್ದುಗಳನ್ನು ಕೊನೆಯದಾಗಿ ಬೆರೆಸುವ ಕೆಲಸ) ನೆನಪಾದಾಗ ಈಗಲೂ ಸ್ವಲ್ಪ ಸಿಟ್ಟು, ಸ್ವಲ್ಪ ನಗು ಬರುತ್ತದೆ. ಕಥೆ ನೈಜರ್ ನದಿಯ ಮುಖಜಭೂಮಿಯದು. 1956ರಲ್ಲಿ ಒಲೊಯ್ಬಿರಿಯಲ್ಲಿ ತೈಲ ಸಿಕ್ಕ ಮೇಲೆ ಹಳ್ಳಿಗಳ ಪಕ್ಕದಲ್ಲೇ ಹಗಲಿರುಳು ಅನಿಲ ಉರಿದ ಸೀಮೆ ಅದು. ಹಾಡಬೇಕಾದ ಗಾಯಕಿ ಅದೇ ಸೀಮೆಯ ಪೋರ್ಟ್ ಹಾರ್ಕೋರ್ಟ್‌ನವರು, ಸರ್ಕಾರವನ್ನೂ ತೈಲ ಕಂಪನಿಗಳನ್ನೂ ವೇದಿಕೆಯಿಂದಲೇ ನೇರವಾಗಿ ಪ್ರಶ್ನಿಸಿ ಹೆಸರಾದವರು. ಅಂಥವರನ್ನು ನಿರ್ಮಾಪಕರು ಕರೆಸಿದ್ದು ಪಿಕ್ಚರ್ ಲಾಕ್ ಆದ ಮೇಲೆ, ಅಂದರೆ ದೃಶ್ಯಗಳ ಸಂಕಲನ ಮುಗಿದು ಇನ್ನು ಬದಲಿಸುವಂತಿಲ್ಲ ಎಂದಾದ ಮೇಲೆ. ಪೋಸ್ಟರಿಗೆ ಹೆಸರು ಬೇಕು, ಎಡಿಟಿಂಗ್ ಕೋಣೆಗೆ ಆ ಹೆಸರಿನವರು ಬೇಡ.

ಅಷ್ಟರಲ್ಲಿ ನಿರ್ದೇಶಕರು ತಿಂಗಳುಗಟ್ಟಲೆ ಟೆಂಪ್ ಟ್ರ್ಯಾಕ್ (ಸಂಕಲನದ ವೇಳೆ ತಾತ್ಕಾಲಿಕವಾಗಿ ಹಾಕಿದ ಸಂಗೀತ) ಕೇಳಿ ಅದಕ್ಕೇ ಒಗ್ಗಿಹೋಗಿದ್ದರು. ಗಾಯಕಿಯ ಶೈಲಿಯಾದ ಆಫ್ರೋಬೀಟ್ ಅವಸರದ ಸಂಗೀತವಲ್ಲ. ಅದನ್ನು ರೂಪಿಸಿದ ನೈಜೀರಿಯಾದ ಫೆಲಾ ಕುಟಿಯವರಲ್ಲಿ ಹತ್ತು ಹದಿನೈದು ನಿಮಿಷದ ಹಾಡು ಸಾಮಾನ್ಯ. ವಾದ್ಯಗಳು ಬಹಳ ಹೊತ್ತು ನುಡಿದ ಮೇಲೆ ದನಿ ಬರುತ್ತದೆ, ಬಂದ ಮೇಲೆ ಯಾರನ್ನೂ ಬಿಡುವುದಿಲ್ಲ. ಸೈನಿಕರನ್ನು ಹಂಗಿಸಿ ಹಾಡಿದ ಅವರ ಮನೆಗೆ 1977ರ ಫೆಬ್ರವರಿಯಲ್ಲಿ ಸೈನಿಕರೇ ಬೆಂಕಿ ಇಟ್ಟರು. ಆ ಪರಂಪರೆಯ ಗಾಯಕಿಗೆ ನಾವು ಕೊಟ್ಟ ಕ್ಯೂ, ಅಂದರೆ ಚಿತ್ರದಲ್ಲಿ ಹಾಡಿಗೆ ಸಿಕ್ಕ ಜಾಗ, ಎರಡು ನಿಮಿಷವೂ ಇರಲಿಲ್ಲ. ಆರಂಭದ ವಾದ್ಯಸಂಗೀತವನ್ನು ಕತ್ತರಿಸಲು ಅವರು ತಕರಾರಿಲ್ಲದೆ ಒಪ್ಪಿದ್ದರಿಂದ ಉಳಿದದ್ದಕ್ಕೂ ಒಪ್ಪುತ್ತಾರೆಂದು ಲೆಕ್ಕ ಹಾಕಿ, ಎರಡನೆಯ ಚರಣದ ಮೇಲೆ ಚಿತ್ರದ ಮಂತ್ರಿ ಪಾತ್ರದ ಮಾತು ಬರುವಲ್ಲಿ ವೋಕಲ್ ಸ್ಟೆಮ್ (ಹಾಡಿನ ದನಿಯ ಪ್ರತ್ಯೇಕ ಟ್ರ್ಯಾಕ್) ಅನ್ನು ಡಕ್ ಮಾಡಿ, ಅಂದರೆ ತಗ್ಗಿಸಿ, ನಾನು ಮುಂದೆ ಹೋದೆ.

ನಾಲ್ಕನೆಯ ರೀಲ್ ಪ್ಲೇಬ್ಯಾಕ್ ಆಗುವಾಗ ಅವರು ಕನ್ಸೋಲಿನ ಹಿಂದೆ ಕುಳಿತಿದ್ದರು. ಮಂತ್ರಿ ಬಾಯಿ ತೆರೆದೊಡನೆ ಹಾಡು ತಗ್ಗಿತು. ಆ ಮಾತಿನಡಿ ಮುಳುಗಿದ್ದು, 1995ರ ನವೆಂಬರ್ 10ರಂದು ಅವರದೇ ಊರಿನ ಜೈಲಿನಲ್ಲಿ ಗಲ್ಲಿಗೇರಿಸಲಾದ, ತೈಲ ಮಾಲಿನ್ಯದ ವಿರುದ್ಧ ಹೋರಾಡಿದ ಲೇಖಕ ಕೆನ್ ಸಾರೋ-ವಿವಾ ಮತ್ತು ಇತರ ಎಂಟು ಮಂದಿಯನ್ನು ನೆನೆಯುವ ಸಾಲು. ನಿಲ್ಲಿಸಿ ಎಂದರು. ನಿರ್ಮಾಪಕರು ಗಡಿಯಾರ ನೋಡಿದರು. ಮಿಕ್ಸಿಂಗ್ ಥಿಯೇಟರಿನ ಬಾಡಿಗೆ ಗಂಟೆಯ ಲೆಕ್ಕದ್ದು. ಸಾಲದೆಂಬಂತೆ ಕರೆಂಟೂ ಹೋಗಿ, ಜನರೇಟರ್ ಹಿಡಿದುಕೊಳ್ಳುವ ತನಕ ಯುಪಿಎಸ್‌ನ ಬೀಪ್ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆಗ ಗಾಯಕಿ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದರು: ತಾಯಿಯ ಮನೆಯ ಬಿಳಿ ಕಿಟಕಿ ಚೌಕಟ್ಟು, ಅದರ ಮೇಲೆ ಎಳೆದ ಬೆರಳು, ಬೆರಳ ತುದಿಗೆ ಮೆತ್ತಿದ ಮಸಿ. ಮಂತ್ರಿ ಆಡುವ ಮಾತು ಪ್ರೇಕ್ಷಕರಿಗೆ ಯಾಕೆ ಬೇಕು ಎಂದು ಬಳಿಕ ನಿರ್ದೇಶಕರನ್ನು ಕೇಳಿದರು. ಹೂಡಿಕೆ, ಅಭಿವೃದ್ಧಿ ಎಂಬ ಎರಡು ವಾಕ್ಯದ ಸಂಭಾಷಣೆ ಅದು; ಯಾರ ಬಳಿಯೂ ಉತ್ತರವಿರಲಿಲ್ಲ.

ಲಾಕ್ ಒಡೆಯಲಾಗದು ಎಂದು ವಾದಿಸಿದವನು ನಾನೇ. ಒಡೆದರೆ ಸಂಭಾಷಣೆ, ಫೋಲಿ (ಹೆಜ್ಜೆಸಪ್ಪಳದಂಥ ಸದ್ದುಗಳು), ಎಫೆಕ್ಟ್ಸ್ ಎಲ್ಲವನ್ನೂ ಮತ್ತೆ ಕನ್ಫರ್ಮ್ ಮಾಡಬೇಕು, ಅಂದರೆ ಹೊಸ ಸಂಕಲನಕ್ಕೆ ಹೊಂದಿಸಬೇಕು, ನಿದ್ದೆಗೆಡುವವರು ನಾವು. ಆದರೆ ಮಂತ್ರಿಯ ಮಾತಿಗೆ ಮುಂಚಿನ, ಅನಿಲ ಉರಿಯುವ ಚಿಮಣಿಯ ಶಾಟ್‌ನಲ್ಲಿ ಎಡಿಟರ್ ಬಳಿ ಇನ್ನೂ ಹ್ಯಾಂಡಲ್ (ಬಳಸದೆ ಬಿಟ್ಟ ಹೆಚ್ಚುವರಿ ತುಣುಕು) ಉಳಿದಿತ್ತು. ಅದನ್ನು ಉದ್ದ ಮಾಡಿದಾಗ ಸಾಲು ಪೂರ್ತಿ ಕೇಳಿಸಿತು, ದೃಶ್ಯವೂ ಗಟ್ಟಿಯಾಯಿತು. ಇದು ಮೊದಲೇ ತಮ್ಮ ಮನಸ್ಸಿನಲ್ಲಿತ್ತು ಎಂದು ನಿರ್ದೇಶಕರು ಹೇಳಿದರು.

ಹಾಡಿನ ಸಾಹಿತ್ಯ ಸ್ಪಾಟಿಂಗ್ (ಸಂಗೀತ ಎಲ್ಲೆಲ್ಲಿ ಬರಬೇಕೆಂದು ಕುಳಿತು ನಿರ್ಧರಿಸುವ) ದಿನವೇ ಮೇಜಿನ ಮೇಲಿರಬೇಕು, ಯಾವ ಸಾಲು ಮಾತಿನ ಕೆಳಗೆ ಹೋಗಬಾರದೆಂದು ಹಾಡುವವರೇ ಗುರುತು ಹಾಕಬೇಕು. ಚಿತ್ರದಲ್ಲಿ ಬಳಸಿದ ಸಂಗೀತದ ಪಟ್ಟಿಯಾದ ಕ್ಯೂ ಶೀಟ್‌ನಲ್ಲೂ ಅವರನ್ನು ಗಾಯಕಿ ಎಂದಷ್ಟೇ ಬರೆದು ಗೀತರಚನೆಯ ಪಾಲನ್ನು ಕೈಬಿಟ್ಟಿದ್ದರು. ರಾಯಲ್ಟಿ ಹಂಚುವುದು ಆ ಶೀಟನ್ನು ನೋಡಿಯೇ ಆದ್ದರಿಂದ ಅದನ್ನು ತಿದ್ದಿಸಿದ ಮೇಲೆಯೇ ಸೆಷನ್ (ಸಂಗೀತದ ಫೈಲುಗಳು) ಒಪ್ಪಿಸಿದೆ. ಮುಂದಿನ ಚಿತ್ರಕ್ಕೆ ಇದೇ ಬೇಡಿಕೆ ಇಟ್ಟಾಗ ಚಿತ್ರೀಕರಣಾನಂತರದ ಕೆಲಸ ನೋಡಿಕೊಳ್ಳುವ ಪೋಸ್ಟ್ ಸೂಪರ್‌ವೈಸರ್ ಸಂತೋಷದಿಂದ ಒಪ್ಪಿ, ಸಾಹಿತ್ಯವನ್ನು ಲಾಕ್ ಆದ ಮರುದಿನವೇ ಕಳಿಸುವುದಾಗಿ ಭರವಸೆ ಕೊಟ್ಟರು.